ದಿಗಿಲು ಬಿದ್ದವರ ಕಾಯಿಲೆ

“ಸುಳ್ಳು ಹೇಳ್ಬೇಡ ಕೊಮಾದ್ರೆ, ಬಾಯಿಂದ ದಾಲ್ಚಿನ್ನಿ ವಾಸ್ನೆ ಹೊಡೀತಿದೆ,” ಎಂದಳು ನರ್ಸ್ ಸೋಯ್ಲಾ, ಗೆಳತಿ ಎರ್ಲಿಂದಾಳ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾ. “ರಾತ್ರಿ ಊಟ ಆದ್ಮೇಲೆ ನೀರು ಬಿಟ್ಟು ಏನೂ ಮುಟ್ಬೇಡ ಅಂದಿದ್ನೋ ಇಲ್ವೋ?”

“ಪೇಸ್ಟು ಕಣೆ ಅದು. ಹಲ್ಲುಜ್ಜಿದ್ದು.”

“ಓಹೋ, ದಾಲ್ಚಿನ್ನಿ ಪೇಸ್ಟು! ಮೊನ್ನೆ ಒಬ್ಬ ಅಜ್ಜ ಬಂದಿದ್ದ. ಏನೂ ತಿಂದಿಲ್ಲ ಮಗಳೇ, ಬರೀ ಕಾಫಿ ಅಂದ. ಕಾಫಿ ಜೊತೆಗೆ? ಒಂದ್ಚೂರು ಹಾಲು. ಹಾಲಿನ ಜೊತೆಗೆ? ಬ್ರೆಡ್ಡು. ಅದೇನು ತಿಂಡೀನಾ, ಕಾಫಿ ಒಳಗಿಳೀಲಿ ಅಂತ ತಿಂದಿದ್ದು ಅಂದ. ಅವನಾದ್ರೂ ಕೊನೇಗೆ ನಿಜ ಹೇಳ್ದ. ಮುಷ್ಟಿ ಬಿಗಿ ಹಿಡಿ.”

ಎರ್ಲಿಂದಾ ಮುಷ್ಟಿ ಬಿಗಿದಳು. ಕುಡಿದದ್ದು ನಿಜಕ್ಕೂ ಒಂದೇ ಗುಟುಕು, ಅದೂ ತನಗೆಂದು ಮಾಡಿಕೊಂಡದ್ದಲ್ಲ. ಅಣ್ಣ ಎವಾರಿಸ್ತೋನಿಗೆ ಬೆಳಗ್ಗೆ ಅರ್ಧ ಲೋಟ ದಾಲ್ಚಿನ್ನಿ ನೀರು ಕಾಯಿಸಿ, ಅವನ ನಾಲಿಗೆ ಸುಟ್ಟೀತೆಂದು ಮೊದಲ ಗುಟುಕು ತಾನು ನೋಡಿ ಕೊಡುವುದು ಅವಳಿಗೆ ಉಸಿರಾಟದಷ್ಟು ಅಭ್ಯಾಸವಾಗಿಹೋಗಿತ್ತು. ಹಾಗೆಂದು ಹೇಳಿದ್ದರೆ ಸೋಯ್ಲಾ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ನಾಲಿಗೆ ಮೊದಲು ಸುಳ್ಳಿನ ಕಡೆಗೇ ಹೊರಳಿತು. ಯಾವ ಲಾಭವೂ ಇಲ್ಲದ ಇಂಥ ಚಿಲ್ಲರೆ ಸುಳ್ಳುಗಳನ್ನು ತಾನು ಯಾಕೆ ಹೇಳುತ್ತೇನೆ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಹೊರಗೆ ಸಾಲಿನಲ್ಲಿ ನಿಂತಾಗ ತೂಕ ನೋಡುವ ಹುಡುಗಿ ಅವಳ ತೂಕವನ್ನು ಹರಾಜು ಕೂಗುವವಳ ಹಾಗೆ ಗಟ್ಟಿಯಾಗಿ ಓದಿದ್ದಳು. ಸೊಂಟಕ್ಕೆ ಟೇಪು ಸುತ್ತುವಾಗ ಒಂದು ಕೈ ಸಾಲದೆ ಇನ್ನೊಬ್ಬಳನ್ನು ಕರೆದಿದ್ದಳು. ಕುರ್ಚಿಗಳಲ್ಲಿ ಕೂತ ಊರಿನವರೆಲ್ಲ ನೆಲ ನೋಡಿದ್ದರು. ನೆಲ ನೋಡುವುದು ಅವರ ಮರ್ಯಾದೆ; ಆದರೆ ಆ ಮರ್ಯಾದೆಯೇ ಇವಳ ಬೆನ್ನಿಗೆ ಚುಚ್ಚಿತ್ತು. ಈಗ ಸೋಯ್ಲಾ ಮೊಣಕೈ ಸಂದಿಯನ್ನು ತಟ್ಟುತ್ತಿದ್ದಳು. “ಬಚ್ಚಿಟ್ಕೊಂಡಿದೆ ನೋಡು ನಿನ್ನ ನರ. ನಿನ್ನ ಥರಾನೇ,” ಎಂದು ಎರಡನೆಯ ಸಲ ಸೂಜಿ ಇಳಿಸಿದಳು. ಗಾಜಿನ ಕೊಳವೆಯೊಳಗೆ ರಕ್ತ ನಿಧಾನವಾಗಿ, ಕರ್ರಗೆ ಬಂತು.

“ಇಷ್ಟು ವರ್ಷ ಕರೆದೂ ಕರೆದೂ ಸಾಕಾಗಿತ್ತು. ಈಗ ಹೇಗೆ ಬಂದೆ?”

“ಡಾಕ್ಟ್ರು ಫೋನ್ ಮಾಡಿದ್ರು. ಅಣ್ಣ ವಾರೋ ವಿಷ್ಯ ಮಾತಾಡ್ಬೇಕು, ಬನ್ನಿ ಅಂದ್ರು. ಹೇಗೂ ಬರ್ತೀರಲ್ಲ, ನಿಮ್ಮ ರಕ್ತಾನೂ ಕೊಡಿ ಅಂದ್ರು.”

“ಅಂದ್ರೆ ನಿನಗೋಸ್ಕರ ಬಂದಿದ್ದಲ್ಲ!” ಸೋಯ್ಲಾ ಹತ್ತಿ ಒತ್ತಿ ಕೈ ಮಡಿಸಿದಳು. “ಗೊತ್ತಿತ್ತು ಬಿಡು.”

ತನಗೋಸ್ಕರ ಏಕೆ ಬರಬೇಕು? ಅವಳಿಗೆ ಸೂಜಿಯ ಭಯವಿರಲಿಲ್ಲ, ಸಕ್ಕರೆಯ ಭಯವೂ ಇರಲಿಲ್ಲ. ನದಿಯಂಚಿನ ಈ ಗಡಿ ಊರುಗಳಲ್ಲಿ ಸಕ್ಕರೆ ಕಾಯಿಲೆ ಯಾರಿಗೆ ಬರುತ್ತದೆ, ಹೇಗೆ ಬರುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ನಿಮಗೆ ಯಾವಾಗಿನಿಂದ ಎಂದು ಯಾರನ್ನಾದರೂ ಕೇಳಿ, ಇಸವಿ ಹೇಳುವುದಿಲ್ಲ, ದಿಗಿಲು ಹೇಳುತ್ತಾರೆ. ಲಾರಿಯ ಬ್ರೇಕು ಹಿಡಿಯದೆ ರೈಲುಹಳಿಯ ಮೇಲೆ ನಿಂತಿತಲ್ಲ, ಆವತ್ತಿನಿಂದ. ಗಡಿ ಪೊಲೀಸರು ಬಾಗಿಲು ಬಡಿದರಲ್ಲ, ಒಲೆಯ ಮೇಲೆ ಬೀನ್ಸು ಸೀಯುತ್ತಿತ್ತು, ಆವತ್ತಿನಿಂದ. ಮಗ ಯುದ್ಧಕ್ಕೆ ಹೋದ ಮನೆಯ ಮುಂದೆ ಸಮವಸ್ತ್ರದವರ ಕಾರು ನಿಂತಿತು, ಅವರು ವಿಳಾಸ ತಪ್ಪಿ ಬಂದವರು, ಆದರೂ ಆವತ್ತಿನಿಂದ. ದಿಗಿಲು ಬಿದ್ದಾಗ ಜೀವ ಒಂದು ಗೇಣು ಹೊರಗೆ ಜಿಗಿಯುತ್ತದೆ, ಅದು ಖಾಲಿ ಬಿಟ್ಟ ಜಾಗಕ್ಕೆ ಸಕ್ಕರೆ ಇಳಿಯುತ್ತದೆ. ಹಾಗಿದ್ದ ಮೇಲೆ ದಿಗಿಲು ಬಿದ್ದವರಿಗೆ ಕಾಯಿಲೆ. ದಿಗಿಲು ಬೀಳಿಸಿದವರಿಗೆ ಏನೂ ಇಲ್ಲ. ಅಮ್ಮ ಬದುಕಿದ್ದಷ್ಟು ದಿನವೂ ಶನಿವಾರ ಬೇಕರಿಯಿಂದ ಸಕ್ಕರೆ ಹೊದಿಸಿದ ಸಿಹಿ ಬ್ರೆಡ್ಡು ತರುವಾಗ ಮಗನಿಗೂ ಒಂದು ಎಂದು ಹಳೆಯ ರೂಢಿಯಲ್ಲಿ ತಂದುಬಿಡುತ್ತಿದ್ದಳು. ತಂದ ಮೇಲೆ ನೆನಪಾಗಿ, ಅದನ್ನು ಎರ್ಲಿಂದಾಳ ತಟ್ಟೆಗೆ ಹಾಕುತ್ತಿದ್ದಳು. “ಅವನ ಪಾಲೂ ನೀನೇ ತಿನ್ನು. ನಿನಗೇನು, ನಿನಗೆ ದಿಗಿಲು ಬಿದ್ದಿಲ್ವಲ್ಲ.” ಎರ್ಲಿಂದಾ ತಿನ್ನುತ್ತಿದ್ದಳು. ಬೇಡ ಎನ್ನುವ ಹಕ್ಕು ತನಗಿಲ್ಲ ಎಂದು ತಿನ್ನುತ್ತಿದ್ದಳು. ಅಣ್ಣ ಎದುರು ಕೂತು ನೋಡುತ್ತಿದ್ದ.

ಆ ಹಳದಿ ರವಿಕೆ. ಭಾನುವಾರದ ಸಂತೆಯಲ್ಲಿ ಒಂದೇ ಗಾಡಿಯ ಮೇಲೆ ರಾಶಿ ಬಿದ್ದಿದ್ದ, ತೋಳಿಗೆ ಕೆಂಪು ಹೂವಿನ ಕಸೂತಿಯಿದ್ದ ರವಿಕೆ. ಆ ಬೇಸಿಗೆ ಊರಿನ ಅರ್ಧ ಹೆಂಗಸರ ಮೈಮೇಲಿತ್ತು. ಗೆಳತಿಯ ಮನೆಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಅವಳು ಅದನ್ನೇ ತೊಟ್ಟು ಲಾವ್ರೋನ ಜೊತೆ ಕಡಲತೀರಕ್ಕೆ ಹೋದಳು. ಲಾವ್ರೋ ಕೆಟ್ಟವನಲ್ಲ, ಮನೆಮನೆಯ ತಂಪುಯಂತ್ರ ರಿಪೇರಿ ಮಾಡುತ್ತಿದ್ದ, ಅವನ ಬೆರಳುಗಳಿಗೆ ಯಾವಾಗಲೂ ತಗಡಿನ ವಾಸನೆ. ಎರಡು ರಾತ್ರಿ. ಎರಡನೆಯ ಬೆಳಗ್ಗೆ ಇಲ್ಲಿ ಕಾಲುವೆಯ ತೂಬಿನ ಬಾಗಿಲಿಗೆ ಒಂದು ಹೆಂಗಸಿನ ಹೆಣ ಬಂದು ತಡೆದು ನಿಂತಿತು, ಹಳದಿ ರವಿಕೆಯದು. ಅಮ್ಮ ಹೋಗಲಾರೆನೆಂದು ನೆಲಕ್ಕೆ ಕೂತಳು, ಎವಾರಿಸ್ತೋ ಹೋದ. ಬಟ್ಟೆ ಎತ್ತಿದರಂತೆ, ನೀರಿನಲ್ಲಿದ್ದ ಮುಖ, ಗುರುತು ಹತ್ತಲಿಲ್ಲವಂತೆ. ಆಗ ಅವನು ಕಾಲಿನ ಕಡೆಗೆ ಹೋಗಿ ಎಡ ಅಂಗಾಲು ಎತ್ತಿ ನೋಡಿದನಂತೆ. ಎರ್ಲಿಂದಾಳ ಎಡ ಅಂಗಾಲಿನಲ್ಲಿ, ಮಗುವಾಗಿದ್ದಾಗ ಒಲೆಯ ಕೆಂಡ ತುಳಿದದ್ದಕ್ಕೆ ನಾಣ್ಯದಗಲದ ಕಲೆಯಿದೆ. ಹೆಣದ ಅಂಗಾಲಿನಲ್ಲಿ ಕಲೆಯಿರಲಿಲ್ಲ. ಅವನು ಆ ಕಾಲನ್ನು ಕೆಳಗಿಡಲೇ ಇಲ್ಲವಂತೆ, ಪೊಲೀಸಿನವನೇ ಬಿಡಿಸಿಕೊಂಡನಂತೆ. ಇದನ್ನೆಲ್ಲ ಅವಳು ಕಂಡಿಲ್ಲ. ಕಂಡವರಿಂದ, ಕಾಣದವರಿಂದ, ಮದುವೆಗಳಲ್ಲಿ, ಮಾಂಸ ಸುಡುವ ಭಾನುವಾರಗಳಲ್ಲಿ, ಕೊನೆಗೆ ಅಮ್ಮನ ಶವದ ಮುಂದೆಯೂ ಎಷ್ಟು ಸಲ ಕೇಳಿದ್ದಾಳೆಂದರೆ ಈಗ ಆ ಒದ್ದೆ ಅಂಗಾಲಿನ ತಣ್ಣಗಿನ ಭಾರ ಅವಳ ಅಂಗೈಯಲ್ಲೇ ಇದೆ. ಚಳಿಗಾಲ ಬರುವಷ್ಟರಲ್ಲಿ ಎವಾರಿಸ್ತೋಗೆ ಬಾಯಾರಿಕೆ ಹತ್ತಿತು, ಮೈ ಇಳಿಯಿತು. ದಿಗಿಲು ಬಿಡಿಸುವ ದೋನ್ಯಾ ತ್ರಿನಿ ಶುಕ್ರವಾರ ಶುಕ್ರವಾರ ಬಂದು ಅವನನ್ನು ಮಲಗಿಸಿ, ಸೊಪ್ಪಿನ ಕಂತೆಯಿಂದ ತಲೆಯಿಂದ ಕಾಲಿನವರೆಗೆ ಗುಡಿಸಿ, “ಎವಾರಿಸ್ತೋ, ಬಾ, ಅಲ್ಲೇ ಉಳೀಬೇಡ” ಎಂದು ಅವನ ಜೀವವನ್ನು ಕಾಲುವೆಯಿಂದ ಕರೆದಳು. ಮನೆಯವರೆಲ್ಲ ಸುತ್ತ ನಿಂತು ಅವನ ಪರವಾಗಿ “ಬಂದೆ, ಬಂದೆ” ಎನ್ನಬೇಕು. ಎರ್ಲಿಂದಾಳನ್ನು ಮಾತ್ರ ಅಡುಗೆಮನೆಯಲ್ಲಿ ಇರಿಸಿದರು. ದಿಗಿಲು ಬೀಳಿಸಿದವಳ ದನಿ ಕೇಳಿದರೆ ಜೀವ ಹೆದರಿ ಹಿಂದಕ್ಕೆ ಹೋದೀತು. ಅವಳು ಒಲೆಯ ಮುಂದೆ ನಿಂತು ತುಟಿ ಅಲುಗಿಸದೆ ಬಂದೆ ಬಂದೆ ಎಂದುಕೊಂಡಳು. ಲಾವ್ರೋ ಒಂದು ವರ್ಷ ಕಾದ.

ಡಾಕ್ಟರ್ ಬೆರ್ಲಾಂಗಾಗೆ ಮೂವತ್ತೈದು ಇರಬಹುದು. ಇಲ್ಲಿಯದೇ ಹುಡುಗಿ, ದೂರ ಓದಿ ತಿರುಗಿ ಬಂದವಳು. ಎದ್ದು ನಿಂತು ಕೈಕುಲುಕಿದಳು. ಎರ್ಲಿಂದಾ ಕುರ್ಚಿಯ ತುದಿಯಲ್ಲಿ ಕೂತು, ಹವಾಯಿ ಚಪ್ಪಲಿಯ ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

“ದೋನ್ಯಾ ಎರ್ಲಿಂದಾ, ಸುಮಾರು ಇಪ್ಪತ್ತು ವರ್ಷದ ಹಿಂದೆ ಚರ್ಚಿನ ಹಾಲ್‌ನಲ್ಲಿ ರಕ್ತ ಕೊಟ್ಟಿದ್ದು ನೆನಪಿದೆಯಾ? ನೀವೂ ನಿಮ್ಮಣ್ಣನೂ?”

“ಕೋಳಿ ಕೊಟ್ಟಿದ್ರಲ್ಲ, ಅವತ್ತಾ?”

“ಕೋಳೀನಾ?” ಡಾಕ್ಟರು ನಕ್ಕಳು. “ನಾನಾಗ ಸ್ಕೂಲ್ ಹುಡುಗಿ.”

“ಒಂದು ತೋಳಿಗೆ ಒಂದು ಸುಟ್ಟ ಕೋಳಿ. ಕೆಲವರು ಚಿಕ್ಕಪ್ಪನ ಮಗನ ಹೆಸ್ರು ಹೇಳಿ ಎರಡೆರಡು ಸಲ ಚುಚ್ಚಿಸ್ಕೊಂಡ್ರು.”

“ಅಯ್ಯೋ, ಇದನ್ನ ನಮ್ಮ ಲೆಕ್ಕದವರಿಗೆ ಹೇಳ್ಬೇಡಿ.” ಡಾಕ್ಟರ ನಗು ಮೆಲ್ಲನೆ ಇಳಿಯಿತು. “ಆ ರಕ್ತಾನ ಅವತ್ತಿಂದ ಫ್ರೀಜರ್‌ನಲ್ಲಿ ಇಟ್ಟಿದ್ದೀವಿ. ಆಗ ನಮಗೆ ನೋಡೋಕೆ ಬರ್ತಿದ್ದಿದ್ದು ಸಕ್ಕರೆ ಒಂದೇ. ನಿಮ್ಮಿಬ್ಬರದ್ದೂ ಸರಿಯಾಗೇ ಇತ್ತು. ಈಗ ಅದೇ ರಕ್ತದಲ್ಲಿ ಬೇರೆ ಕೆಲವು ಗುರುತು ನೋಡ್ತೀವಿ. ಕೆಲವು ಥರದ ಕೊಬ್ಬು, ಪ್ರೋಟೀನಿನ ಚೂರುಗಳು. ಸಕ್ಕರೆ ಏರೋಕೆ ಎಷ್ಟೋ ವರ್ಷ ಮೊದಲೇ ಅವು ಏರುಪೇರಾಗಿರುತ್ತೆ. ಬೇರೆ ಜನರ ರಕ್ತ ನೋಡಿ ಮಾಡಿದ ಲೆಕ್ಕ ನಮಗೆ ಸರಿಯಾಗಿ ಕೂರ್ತಿರ್ಲಿಲ್ಲ, ನಮ್ಮವರದ್ದೇ ನೋಡ್ಬೇಕಿತ್ತು. ನೋಡಿದ್ವಿ. ನಿಮ್ಮಣ್ಣ ಡಯಾಲಿಸಿಸ್‌ಗೆ ಬಂದಾಗ ಒಪ್ಪಿಗೆ ಕೇಳ್ದೆ. ಎಲ್ಲಾ ಅವಳಿಗೇ ಹೇಳಿ, ನನ್ನ ಕಾಯಿಲೆ ಅವಳ ಆಸ್ತಿ ಅಂದ್ರು.”

“ಅವನ ಮಾತೇ ಹಾಗೆ.”

“ನಿಮ್ಮಣ್ಣನ ರಕ್ತದಲ್ಲಿ ಎಲ್ಲಾ ಗುರುತೂ ಆವತ್ತೇ ಇತ್ತು, ದೋನ್ಯಾ ಎರ್ಲಿಂದಾ. ಕೋಳಿ ದಿನಾನೇ.”

ತಂಪುಯಂತ್ರ ಗುರ್ ಎಂದು ಸುರುವಾಗಿ ಪರದೆ ಅಲುಗಿತು. ಚರ್ಚಿನ ಹಾಲ್ ಎಂದರೆ ಅವಳಿಗೆ ವಯಸ್ಸು ಇಪ್ಪತ್ತೇಳು. ಕಾಲುವೆ ಎಂದರೆ ಮೂವತ್ತು. ಕೋಳಿ ಮೊದಲು, ಹೆಣ ಆಮೇಲೆ. ಅವಳು ಅದನ್ನು ಎರಡು ಕೈಗಳಲ್ಲಿ ಎರಡು ವಸ್ತು ಹಿಡಿದವಳ ಹಾಗೆ ತೂಗಿ ನೋಡಿದಳು.

“ಹೆಣ ನೋಡೋಕೆ ಮೊದ್ಲೇನಾ?”

“ಯಾವ ಹೆಣ?” ಎಂದಳು ಡಾಕ್ಟರು.

ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವರು ಇವಳೊಬ್ಬಳೇ. ಎರ್ಲಿಂದಾ ಅದನ್ನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಅವಳು ಹೋದಲ್ಲಿಗೆಲ್ಲ ಅದು ಮೊದಲೇ ಹೋಗಿ ಕೂತಿರುತ್ತಿತ್ತು. ಈಗ ಹೇಳಲು ಹೊರಟರೆ ನಾಲ್ಕು ಮಾತಿನಲ್ಲಿ ಮುಗಿದುಹೋಯಿತು. ಒಂದು ಜೀವಮಾನ ನುಂಗಿದ್ದು ಇಷ್ಟೇ ಗಾತ್ರದ್ದೇ ಎಂದು ಅವಳಿಗೇ ನಾಚಿಕೆಯಾಗಿ, ತುಂಬಿಸಲು ಏನಾದರೂ ಸಿಗುತ್ತದೋ ಎಂದು ಹುಡುಕಿ, “ಹಳದಿ ರವಿಕೆ,” ಎಂದು ಮತ್ತೊಮ್ಮೆ ಹೇಳಿದಳು.

ಡಾಕ್ಟರು ನಗಲಿಲ್ಲ. “ನಮ್ಮಜ್ಜೀನೂ ಹೀಗೇ ಹೇಳ್ತಿದ್ರು, ನನ್ನನ್ನೂ ಸೊಪ್ಪಲ್ಲಿ ಗುಡಿಸಿದ್ದಾರೆ. ದಿಗಿಲು ಬಿದ್ರೆ ಸಕ್ಕರೆ ಏರುತ್ತೆ, ಸುಳ್ಳಲ್ಲ. ಆದ್ರೆ ಇಲ್ಲದ ಕಾಯಿಲೇನ ಅದು ಹುಟ್ಟಿಸಲ್ಲ. ಇದ್ದಿದ್ದನ್ನ ಒಂಚೂರು ಬೇಗ ಹೊರಗೆ ಎಳೆದಿರಬಹುದು, ಅಷ್ಟೇ.”

“ಎಷ್ಟು ಬೇಗ?”

“ಅದು ಗೊತ್ತಾಗಲ್ಲ. ಕೆಲವು ತಿಂಗಳೋ, ಒಂದು ವರ್ಷವೋ. ನೀವು ಮಾಡಿದ್ದಲ್ಲ ಅದು. ಅದನ್ನ ಹೇಳೋಕೇ ಕರೆದೆ ಅಂದ್ಕೊಳ್ಳಿ.”

ಹಗುರವಾಗಬೇಕಿತ್ತು. ಬದಲಿಗೆ ಬೆನ್ನಿನ ಮೂಟೆ ಯಾರೋ ತಟ್ಟನೆ ಎತ್ತಿಕೊಂಡಾಗ ಮೈ ಮುಂದಕ್ಕೆ ಮುಗ್ಗರಿಸುತ್ತದಲ್ಲ, ಹಾಗಾಯಿತು. ಅವಳ ಮನಸ್ಸು ಆ ‘ಕೆಲವು ತಿಂಗಳ’ನ್ನು ಬಾಚಿ ಹಿಡಿಯಿತು. ಅಷ್ಟಾದರೂ ತನ್ನದು. ಅಷ್ಟೂ ಇಲ್ಲದಿದ್ದರೆ ಲಾವ್ರೋಗೆ ಬರಬೇಡ ಎಂದದ್ದು ಏಕೆ, ತಿಂದ ಆ ಬ್ರೆಡ್ಡುಗಳೆಲ್ಲ ಏಕೆ, ಅಮ್ಮ ಸಾಯುವಾಗ ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡದ್ದು ಏಕೆ? ಆಮೇಲೆ ಸಿಟ್ಟು ಬಂತು, ಆದರೆ ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಅಣ್ಣ ನೋವಿನಿಂದ ಕೂಗಿದ ರಾತ್ರಿಗಳಲ್ಲಿ, ಅವನ ಪಾದ ಕತ್ತರಿಸಿದ ದಿನ, ಎಲ್ಲೋ ಒಂದು ತಣ್ಣನೆಯ ಪೆಟ್ಟಿಗೆಯಲ್ಲಿ ಅವನ ರಕ್ತ ಎಲ್ಲವನ್ನೂ ಬಲ್ಲದ್ದಾಗಿ ಸುಮ್ಮನೆ ಕೂತಿತ್ತು.

“ಹಾಗಾದ್ರೆ ಆ ರಕ್ತಕ್ಕೆ ಗೊತ್ತಿತ್ತು,” ಎಂದಳು.

“ಗೊತ್ತಿತ್ತು. ನಮಗೆ ಓದೋಕೆ ಬರ್ತಿರ್ಲಿಲ್ಲ.” ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡಳು. “ಇನ್ನೊಂದು ವಿಷಯ. ಅವತ್ತಿನ ನಿಮ್ಮ ರಕ್ತಾನೂ ಹಾಗೇ ಇತ್ತು. ನಿಮ್ಮಣ್ಣನದಕ್ಕಿಂತ ಜಾಸ್ತೀನೇ.”

“ನನ್ನದಾ? ನಾನು ಹೆದರ್ಲಿಲ್ವಲ್ಲ ಡಾಕ್ಟ್ರೇ.”

ಹೇಳಿದ ಮೇಲೆ ಅದು ಎಷ್ಟು ದಡ್ಡ ಮಾತು ಎಂದು ಅವಳಿಗೇ ಕೇಳಿಸಿತು. ಆದರೆ ಅವಳ ಬಳಿ ಇದ್ದದ್ದು ಅದೊಂದೇ.

“ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ಆದ್ರೆ ಇಷ್ಟೊತ್ತಿಗೆ ಬಂದಿರಲೂಬಹುದು, ಅದಕ್ಕೇ ನೋಡ್ಬೇಕು. ಇವತ್ತಿನ ರಕ್ತ ಒಂದು. ನಾಳೆ ಶುಕ್ರವಾರ ಸಿಹಿ ನೀರಿನ ಪರೀಕ್ಷೆ ಇದೆ. ಅದು ಮತ್ತೆ ಬರೋದು ಮುಂದಿನ ತಿಂಗಳೇ. ನಾಳೆ ಬೆಳಗ್ಗೆ ಬಂದು ಕುಡಿದು ಎರಡು ಗಂಟೆ ಕೂತಿರ್ಬೇಕು. ಕಾಲು ಜೋಮು ಹಿಡಿಯುತ್ತಾ?”

“ಸ್ಕೂಲ್ ಅಡಿಗೆಮನೆ ಕೆಲ್ಸ. ನಿಂತೇ ಇರ್ತೀನಲ್ಲ.”

“ಚಪ್ಪಲಿ ಬಿಡಿ, ಒಂದ್ಸಲ ನೋಡ್ತೀನಿ.”

ಹಿಮ್ಮಡಿಯ ಬಿರುಕುಗಳು, ಅವುಗಳೊಳಗೆ ಕೂತ ಅಂಗಳದ ಕಪ್ಪು. ಬೆಳಗ್ಗೆ ಅಣ್ಣನ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಎಣ್ಣೆ ಹಚ್ಚಿ ಬಂದವಳು ತನ್ನ ಕಾಲಿಗೆ ಒಂದು ಚೊಂಬು ನೀರು ಸುರಿದುಕೊಂಡಿರಲಿಲ್ಲ. “ಬೇಡ ಡಾಕ್ಟ್ರೇ, ನಾಳೆ. ನಾಳೆ ತೊಳ್ಕೊಂಡು ಬರ್ತೀನಿ,” ಎಂದು ಎದ್ದೇ ಬಿಟ್ಟಳು. ನಾಳೆ ಶುಕ್ರವಾರ, ಡಯಾಲಿಸಿಸ್ ದಿನ, ಅಣ್ಣನನ್ನು ಕರೆದೊಯ್ಯುವುದು ತಾನೇ ಎಂಬುದು ಬಾಗಿಲು ದಾಟಿದ ಮೇಲೆ ನೆನಪಾಯಿತು. ತಿರುಗಿ ಹೋಗಿ ಹೇಳಲಿಲ್ಲ. ಒಂದು ದಿನ ಬೇರೆ ಯಾರಾದರೂ ಕರೆದೊಯ್ಯಬಹುದು. ಆಸ್ಪತ್ರೆಯ ವ್ಯಾನು ಇದೆ. ವ್ಯಾನು ಮೊದಲಿನಿಂದಲೂ ಇತ್ತು.

ಮನೆಯ ದಾರಿಯಲ್ಲಿ, ಹೊಳೆ ರಸ್ತೆಗೆ ತಿರುಗುವ ಬದಲು ಅವಳು ಕಾಲುವೆಯ ಏರಿಗೆ ಕಾರು ತಿರುಗಿಸಿದಳು. ಆವತ್ತಿನಿಂದ ಈ ಕಡೆ ಬಂದಿರಲಿಲ್ಲ. ಇಳಿದು ಜಾಲಿಮರಗಳ ನಡುವೆ ಏರಿ ಹತ್ತಿದಳು. ನೋಡುವಂಥದ್ದೇನೂ ಇರಲಿಲ್ಲ. ಕಬ್ಬಿಣದ ಬಾಗಿಲು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು, ಆಚೆ ಈರುಳ್ಳಿ ಹೊಲದಲ್ಲಿ ಬಾಗಿದ ಬೆನ್ನುಗಳು. ಆ ಹೆಂಗಸು ಯಾರೆಂದು ಯಾರಿಗೂ ಕೊನೆಗೂ ಗೊತ್ತಾಗಲಿಲ್ಲ. ನದಿಯಾಚೆಯಿಂದ ಬಂದವಳಿರಬೇಕು. ಎರ್ಲಿಂದಾ ಅಲ್ಲ ಎಂದು ಗೊತ್ತಾದ ಕೂಡಲೇ ಅವಳು ಯಾರೂ ಅಲ್ಲವಾಗಿದ್ದಳು. ಆ ಹಳದಿ ರವಿಕೆಯನ್ನು ಅವಳೂ ಯಾವುದೋ ಸಂತೆಯಲ್ಲಿ ಕೈಯಲ್ಲಿ ಹಿಡಿದು, ಎದೆಗೆ ಒತ್ತಿ ಅಳತೆ ನೋಡಿರಬೇಕು. ಇಷ್ಟು ವರ್ಷ ತಾನು ಅವಳ ಬಗ್ಗೆ ಒಂದು ದಿನವೂ ಯೋಚಿಸಿಲ್ಲ. ತನ್ನ ತಪ್ಪು ಅಷ್ಟು ಜಾಗ ಹಿಡಿದಿತ್ತು. “ಬಾ,” ಎಂದುಕೊಂಡಳು ನೀರಿನ ಕಡೆ ನೋಡಿ, ಯಾರನ್ನು ಕರೆಯುತ್ತಿದ್ದೇನೆಂದು ತಿಳಿಯದೆ. “ಅಲ್ಲೇ ಉಳೀಬೇಡ.” ಈರುಳ್ಳಿ ಹೊಲದವನೊಬ್ಬ ತಲೆಯೆತ್ತಿ ನೋಡಿದ. ನಾಚಿಕೆಯಾಗಿ ತಿರುಗಿ ಇಳಿದಳು. ಇಳಿಯುವಾಗ ಎಡಗಾಲಿನ ಚಪ್ಪಲಿ ಒಂದು ಕಡೆ ನೆಲವನ್ನು ಕಚ್ಚಿ ಹಿಡಿದಂತಾಯಿತು. ಕಾಲು ಕೊಡವಿ ನಡೆದಳು.

ಎವಾರಿಸ್ತೋ ಅಡುಗೆಮನೆಯ ಕಿಟಕಿಯ ಪಕ್ಕ ತನ್ನ ಕುರ್ಚಿಯಲ್ಲಿದ್ದ. ಕತ್ತರಿಸಿದ ಬಲಗಾಲು ಸ್ಟೂಲಿನ ಮೇಲೆ, ಉಳಿದ ಎಡಗಾಲು ನೆಲದ ಮೇಲೆ. ದನಿ ಅಡಗಿಸಿದ ಟಿವಿಯಲ್ಲಿ ಚೆಂಡಾಟ ನಡೆಯುತ್ತಿತ್ತು.

“ಬಂದ್ಯಾ ದಿಗಿಲಮ್ಮ? ಎಷ್ಟು ಕುಡಿದ್ರು ನಿನ್ನ ರಕ್ತಾನ?”

ದಿಗಿಲಮ್ಮ ಎಂಬುದು ಅವನಿಟ್ಟ ಹೆಸರು. ಮೊದಮೊದಲು ಸಿಟ್ಟಿನಲ್ಲಿ ಕರೆಯುತ್ತಿದ್ದ, ಆಮೇಲೆ ತಮಾಷೆಗೆ, ಈಗೀಗ ಬರೀ ರೂಢಿಗೆ. ಎಲ್ಲೋ ಒಂದು ಕಡೆ ಮುದ್ದೂ ಇತ್ತು. ಅವಳು ಬೀನ್ಸಿನ ಪಾತ್ರೆ ಒಲೆಗಿಟ್ಟಳು, ಪಾಪಾಸುಕಳ್ಳಿಯ ಎಲೆ ಹೆಚ್ಚಿದಳು, ಒಲೆಯಿಂದ ಮೇಜಿಗೆ, ಮೇಜಿನಿಂದ ನಲ್ಲಿಗೆ ಓಡಾಡಿದಳು. ಹೇಳುವುದೋ ಬೇಡವೋ. ಹೇಳಿದರೆ ಅವನ ಮುಖದಲ್ಲಿ ಏನು ಕಾಣಬೇಕೆಂದು ತಾನು ಬಯಸುತ್ತಿದ್ದೇನೆ? ಕ್ಷಮೆಯೇ? ಕ್ಷಮಿಸಲು ಏನೂ ಇರಲಿಲ್ಲವೆಂಬುದೇ ತಾನೇ ಸುದ್ದಿ. ಬೆನ್ನು ಅವನ ಕಡೆಗಿಟ್ಟು, ಒಲೆಗೆ ಹೇಳುವವಳ ಹಾಗೆ ಹೇಳಿದಳು. ಚರ್ಚಿನ ಹಾಲ್, ಕೋಳಿ, ಫ್ರೀಜರಿನಲ್ಲಿಟ್ಟ ರಕ್ತ. “ಕಾಲುವೆಗಿಂತ ಮೂರು ವರ್ಷ ಮೊದ್ಲೇ ನಿನ್ನೊಳಗೆ ಇತ್ತಂತೆ, ವಾರೋ.”

ಟಿವಿಯಲ್ಲಿ ಯಾರೋ ಓಡಿ ಜಾರಿ ಬಿದ್ದ.

“ಆ ರಕ್ತ ನಂದಲ್ಲ,” ಎಂದ ಎವಾರಿಸ್ತೋ.

ಅವಳು ತಿರುಗಿದಳು.

“ಅವತ್ತು ನಾನೆಲ್ಲಿ ಕೈ ಕೊಟ್ಟೆ? ಸೂಜಿ ಕಂಡ್ರೆ ನಂಗಾಗ್ತಿರ್ಲಿಲ್ಲ. ಚಾತೋ ಹೋಗಿ ನನ್ನ ಹೆಸ್ರು ಹೇಳಿ ಕೊಟ್ಟ. ಎರಡು ಕೋಳಿ ಹೊಡ್ಕೊಂಡ ನನ್ಮಗ, ಒಂದು ಕಾಲೂ ನಂಗೆ ಕೊಡ್ಲಿಲ್ಲ.”

ಚಾತೋ ಅವನ ಗೆಳೆಯ, ಹೆಂಚು ಹೊದಿಸುವ ಕೆಲಸದ ಜೋಡಿ. ಹೆದ್ದಾರಿಯಲ್ಲಿ ಸತ್ತು ಎಷ್ಟೋ ವರ್ಷವಾಯಿತು. ಅವನನ್ನು ಕೇಳುವ ಹಾಗಿಲ್ಲ.

ಆದರೆ ಆ ದಿನ ಎರ್ಲಿಂದಾಳೇ ಅಣ್ಣನ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದಿದ್ದಳು. ಸೂಜಿ ತೆಗೆದ ಕೂಡಲೇ ಅವನ ಮುಖ ಸುಣ್ಣದ ಹಾಗೆ ಬಿಳಿಚಿ, ಆ ದೊಡ್ಡ ತಲೆ ಅವಳ ಭುಜಕ್ಕೆ ವಾಲಿತ್ತು. ಅಯ್ಯೋ ಗಂಡಸೇ ಎಂದು ಅವಳು ನಕ್ಕಿದ್ದಳು. ಹೊರಗೆ ಬಿಸಿಲಲ್ಲಿ, ಕಟ್ಟೆಯ ಮೇಲೆ ಕೂತು, ಒಂದು ಕೈ ಮಡಿಸಿಕೊಂಡೇ ಇಬ್ಬರೂ ಕೋಳಿ ಹರಿದು ತಿಂದಿದ್ದರು. ಅವನ ಗಲ್ಲದ ಮೇಲೆ ಜಿಡ್ಡು ಹೊಳೆಯುತ್ತಿತ್ತು. ಅವರಿಬ್ಬರ ನಡುವೆ ಕಾಲುವೆ ಬರುವುದಕ್ಕೆ ಮುಂಚಿನ ಒಂದು ದಿನ ಎಂದು ಏನಾದರೂ ಉಳಿದಿದ್ದರೆ ಅದೇ. ಈಗ ಅವನು ಅದನ್ನೂ ಚಾತೋಗೆ ಕೊಟ್ಟುಬಿಟ್ಟ. ಬಾಯಿ ತೆರೆದಳು, ಆಗ ಅವನ ಕೈ ಕಂಡಿತು. ಕುರ್ಚಿಯ ತೋಳನ್ನು ಅವನು ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದ. ಕಣ್ಣು ಟಿವಿಯ ಮೇಲಿತ್ತು, ಆದರೆ ನೋಡುತ್ತಿರಲಿಲ್ಲ. ಕಾಲುವೆಯ ಬಳಿ ಆ ಒದ್ದೆ ಪಾದವನ್ನು ಅವನು ಹೀಗೇ ಹಿಡಿದಿದ್ದಿರಬೇಕು. ಕಾಯಿಲೆ ತನ್ನದೇ ರಕ್ತದ್ದಾದರೆ ಇವಳಿಗೆ ಇಲ್ಲಿ ಏನು ಕೆಲಸ? ಎದ್ದು ಹೋಗಬಹುದಲ್ಲ. ಅದು ಅವನಿಗೆ ಅವಳಿಗಿಂತ ಮೊದಲೇ ಹೊಳೆದಿತ್ತು.

“ಇರ್ಬಹುದು,” ಎಂದಳು ಎರ್ಲಿಂದಾ. “ಆ ಚಾತೋ ಏನು ಕಮ್ಮಿ ಕಳ್ಳನಾ.”

ಅವನ ಬೆರಳುಗಳು ಸಡಿಲವಾದವು. ಆಮೇಲೆ ಕೇಳಿದ: “ನಿಂದೇನಂತೆ?”

“ನಂದೇನು. ನಾಳೆ ಬಂದು ಸಿಹಿ ನೀರು ಕುಡೀರಿ ಅಂದ್ರು.”

“ನಾಳೆ ನನ್ನನ್ನ ಯಾರು ಕರ್ಕೊಂಡು ಹೋಗ್ತಾರೆ?”

“ನಾನೇ. ಇನ್ಯಾರು?”

“ವ್ಯಾನಿಗೆ ಹೇಳಿದ್ರೂ ಆಗುತ್ತೆ,” ಎಂದ, ಹೇಳಬೇಕೆಂದು ಹೇಳುವ ದನಿಯಲ್ಲಿ. “ಆ ಡ್ರೈವರು ಹಂದಿ ತುಂಬೋ ಥರ ತುಂಬ್ತಾನೆ, ಅಷ್ಟೇ.”

“ವ್ಯಾನೂ ಬೇಡ ಏನೂ ಬೇಡ. ಸಿಹಿ ನೀರು ಮುಂದಿನ ತಿಂಗಳೂ ಇರುತ್ತೆ.”

ಅವನು ತೃಪ್ತಿಯಿಂದಲೋ ನಾಚಿಕೆಯಿಂದಲೋ ಮೂಗಿನಲ್ಲಿ ಉಸಿರು ಬಿಟ್ಟ. ತಟ್ಟೆ ತರಲೆಂದು ತಿರುಗಿದ ಅವಳಿಗೆ ನೆಲದ ಮೇಲೆ, ಅವನ ಕುರ್ಚಿಯ ಬಳಿ, ಒಂದು ಕೆಂಪು ಹನಿ ಕಂಡಿತು. ಅದರಾಚೆ ಇನ್ನೊಂದು. ಕತ್ತರಿಸಿದ ಆ ಕಾಲಿನದೂ ಹೀಗೆಯೇ ಸುರುವಾಗಿತ್ತು, ಗೊತ್ತಿಲ್ಲದ ಒಂದು ಗಾಯದಿಂದ.

“ವಾರೋ! ಕಾಲಿಗೆ ಏನ್ ಮಾಡ್ಕೊಂಡೆ?”

ಮಂಡಿಯೂರಿ ಅವನ ಪಾದವನ್ನು ಮಡಿಲಿಗೆ ಎತ್ತಿಕೊಂಡಳು. ಹಿಮ್ಮಡಿ, ಅಂಗಾಲು, ಬೆರಳ ಸಂದಿ ಒಂದೊಂದನ್ನೂ ಬಿಡಿಸಿ ನೋಡಿದಳು. ಎಣ್ಣೆಯಿಂದ ಹೊಳೆಯುವ, ನೋಡಿಕೊಂಡ, ಶುಭ್ರವಾದ ಪಾದ. ಅವನೂ ಬಗ್ಗಿ ನೆಲ ನೋಡಿದ. ಹನಿಗಳು ಕುರ್ಚಿಯಿಂದ ಮೇಜಿಗೆ, ಮೇಜಿನಿಂದ ಒಲೆಗೆ ಹೋಗಿದ್ದನ್ನು ಅವನ ಕಣ್ಣು ಹಿಂಬಾಲಿಸಿತು.

“ನಂದಲ್ಲ ಕಣೆ,” ಎಂದ ಎವಾರಿಸ್ತೋ, ಈ ಸಲ ಮೆಲ್ಲಗೆ.

ಎರ್ಲಿಂದಾ ಅವನ ಪಾದವನ್ನು ಕೆಳಗಿಟ್ಟು, ಕೂತಲ್ಲೇ ತನ್ನ ಎಡ ಚಪ್ಪಲಿ ಕಳಚಿದಳು. ಚಪ್ಪಲಿ ಸುಲಭವಾಗಿ ಬರಲಿಲ್ಲ. ಎಳೆದಾಗ ಅದರ ಜೊತೆ ಉದ್ದನೆಯ ಜಾಲಿಮುಳ್ಳೊಂದು ಅಂಗಾಲಿನಿಂದ ಈಚೆ ಬಂತು, ಸುಟ್ಟ ಕಲೆಯ ಅಂಚಿನಿಂದ, ಅರ್ಧ ಬೆರಳಿನಷ್ಟು ಕೆಂಪಾಗಿ. ಅದು ಬಂದದ್ದನ್ನು ಅವಳು ಕಣ್ಣಿನಿಂದ ಮಾತ್ರ ತಿಳಿದಳು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದಳು. ಮುಳ್ಳನ್ನು ಚಪ್ಪಲಿಯಿಂದ ಕಿತ್ತು, ಅದರ ಮೊನೆಯನ್ನು ಕಾಲಿನ ಹೆಬ್ಬೆರಳಿಗೆ ಒತ್ತಿದಳು. ಏನಿಲ್ಲ. ಅಂಗಾಲಿನ ನಡುವಿಗೆ ಒತ್ತಿದಳು, ಹಿಮ್ಮಡಿಯ ಬಿರುಕಿಗೆ ಒತ್ತಿದಳು, ಪಾದದ ಮೇಲುಗಡೆ ಒತ್ತಿದಳು. ಒತ್ತಿದಲ್ಲೆಲ್ಲ ಒಂದೊಂದು ಸಣ್ಣ ಕೆಂಪು ಚುಕ್ಕಿ ಎದ್ದಿತೇ ಹೊರತು ಬೇರೇನೂ ಇಲ್ಲ. ಒಲೆಯ ಮೇಲೆ ಬೀನ್ಸು ತಳ ಹಿಡಿಯುವ ವಾಸನೆ ಬರುತ್ತಿತ್ತು, ಇಬ್ಬರೂ ಅಲುಗಲಿಲ್ಲ. ಅವಳು ಮುಳ್ಳನ್ನು ಇನ್ನೂ ಮೇಲಕ್ಕೆ, ಇನ್ನೂ ಮೇಲಕ್ಕೆ ತಂದಳು. ಹರಡಿನ ಮೂಳೆಯ ಮೇಲೆ ಬಂದಾಗ ಚುಳ್ಳೆಂದು ನೋವಾಯಿತು. ಅಲ್ಲಿಯೇ ಮುಳ್ಳನ್ನು ಒತ್ತಿ ಹಿಡಿದು ಕೂತಳು.